ಲ್ಯಾಗ್ ಇದ್ದದ್ದು ನಮ್ಮ ಮನೆಯೊಳಗೇ

ಎದುರಾಳಿ ಮೂಲೆಯಿಂದ ಹೊರಗೆ ಬರುತ್ತಾನೆ. ನಾನು ಗುರಿಯಿಟ್ಟು ಹೊಡೆಯುತ್ತೇನೆ. ಸ್ಕ್ರೀನ್ ಅರ್ಧ ಸೆಕೆಂಡ್ ಹಾಗೇ ನಿಂತುಬಿಡುತ್ತದೆ. ಮತ್ತೆ ಓಡಲು ಶುರುವಾದಾಗ ನೆಲದ ಮೇಲೆ ಬಿದ್ದಿರುವವನು ನಾನು. ವಾರಕ್ಕೆ ನಾಲ್ಕು ರಾತ್ರಿ ಇದೇ ಕಥೆ. ಹಗಲು ಆಡಿದರೆ ಅಲ್ಲೊಂದು ಇಲ್ಲೊಂದು ಸಣ್ಣ ಜರ್ಕ್, ಅಷ್ಟೇ. ರಾತ್ರಿ ಹತ್ತೂವರೆ ಆಯಿತು ಅಂದರೆ ಸಾಕು, ಪಿಂಗ್, ಅಂದರೆ ಡೇಟಾ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್, 35ರಿಂದ 400ಕ್ಕೆ ಹಾರುತ್ತಿತ್ತು.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮೊದಲು ಮಾಡಿದೆ. ದೊಡ್ಡ ಪ್ಲಾನ್ ಹಾಕಿಸಿದೆ. 50 ಎಂಬಿಪಿಎಸ್ ಇದ್ದದ್ದು 150 ಆಯಿತು. ಗೇಮ್ ಡೌನ್‌ಲೋಡ್ ಬೇಗ ಮುಗಿಯಿತು, ಖುಷಿಯೂ ಆಯಿತು. ಆ ರಾತ್ರಿ ಹತ್ತೂವರೆಗೆ ಪಿಂಗ್ ಮತ್ತೆ 400. ಆಮೇಲೆ ಪ್ಲಾನ್ ವಿವರ ಸರಿಯಾಗಿ ಓದಿದೆ. ಡೌನ್‌ಲೋಡ್ ಮಾತ್ರ ಮೂರು ಪಟ್ಟು ಆಗಿತ್ತು. ಅಪ್‌ಲೋಡ್ ಹಳೆಯ 10 ಎಂಬಿಪಿಎಸ್‌ನಲ್ಲೇ ಕೂತಿತ್ತು. ಇದು ಆಗ ನನಗೆ ದೊಡ್ಡ ವಿಷಯ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು.

ಆನ್‌ಲೈನ್ ಗೇಮ್ ಆಡುವಾಗ ಹೋಗಿ ಬರುವ ಡೇಟಾ ತುಂಬಾ ಕಡಿಮೆ. ಸಾಮಾನ್ಯವಾಗಿ ಒಂದು ಎಂಬಿಪಿಎಸ್ ಕೂಡ ಬೇಡ. ಡೇಟಾದ ಚಿಕ್ಕ ಚಿಕ್ಕ ಕಟ್ಟುಗಳು, ಅಂದರೆ ಪ್ಯಾಕೆಟ್‌ಗಳು, ಸೆಕೆಂಡಿಗೆ ಹತ್ತಾರು ಸಲ ಹೋಗಿ ಬರುತ್ತಿರುತ್ತವೆ, ಅಷ್ಟೇ. ಆಟದಲ್ಲಿ ಏನಾಯಿತು ಅಂತ ಸರ್ವರ್ ಸೆಕೆಂಡಿಗೆ 64 ಸಲ ಲೆಕ್ಕ ಹಾಕುತ್ತದೆ ಅಂದುಕೊಳ್ಳಿ. ಒಂದು ಲೆಕ್ಕಕ್ಕೂ ಮುಂದಿನದಕ್ಕೂ ನಡುವೆ ಸಿಗುವುದು 15 ಚಿಲ್ಲರೆ ಮಿಲಿಸೆಕೆಂಡ್. ನನ್ನ ಪ್ಯಾಕೆಟ್ 400 ಮಿಲಿಸೆಕೆಂಡ್ ತಡವಾಗಿ ಹೋದರೆ, ಬಸ್ ಹೋದ ಮೇಲೆ ಸ್ಟಾಪಿಗೆ ಬಂದ ಹಾಗೆ. ಇಲ್ಲಿ ಬೇಕಿರುವುದು ಅಗಲವಾದ ರಸ್ತೆಯಲ್ಲ, ಎಲ್ಲೂ ಕಾಯಿಸದ ರಸ್ತೆ.

ಹಾಗಾದರೆ ಕಾಯುತ್ತಿರುವುದು ಎಲ್ಲಿ? ಇದನ್ನು ಹುಡುಕಲು ಯಾವ ಸಾಫ್ಟ್‌ವೇರೂ ಬೇಡ. ವಿಂಡೋಸ್‌ನಲ್ಲಿ ಎರಡು ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಅಕ್ಕಪಕ್ಕ ತೆರೆದೆ. ಒಂದರಿಂದ ನಮ್ಮ ರೂಟರಿಗೇ ಪಿಂಗ್, ಅಂದರೆ 192.168.1.1ಕ್ಕೆ. ಇನ್ನೊಂದರಿಂದ ಹೊರಗಿನ 1.1.1.1ಕ್ಕೆ. ಕೊನೆಗೆ ಮೈನಸ್ ಟಿ ಸೇರಿಸಿದರೆ ನಾವು ನಿಲ್ಲಿಸುವವರೆಗೂ ಸಾಲುಗಳು ಉರುಳುತ್ತಲೇ ಇರುತ್ತವೆ. ರೂಟರ್ ಇರುವುದು ಪಕ್ಕದ ಕೋಣೆಯಲ್ಲಿ. ಸ್ಕ್ರೀನ್ ಮೇಲೆ ಅದರ ಪಿಂಗ್ ತೋರಿಸುವ ಕಿಟಕಿಯಲ್ಲಿ ಎಲ್ಲವೂ ಒಂದೋ ಎರಡೋ ಮಿಲಿಸೆಕೆಂಡ್ ಇರಬೇಕು ಅಲ್ವಾ? ನನಗೆ ಕಂಡದ್ದು 2, 3, 2, 180, 4, 2, 95. ಡೇಟಾ ಇನ್ನೂ ಮನೆ ಬಿಟ್ಟೇ ಇಲ್ಲ, ಆಗಲೇ ಎಡವುತ್ತಿದೆ.

ಅದು ವೈಫೈ ಕೆಲಸ. ವೈಫೈಯಲ್ಲಿ ಒಂದು ಚಾನೆಲ್ ಮೇಲೆ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಉಳಿದವರು ಕಾಯಬೇಕು. ಆ ‘ಉಳಿದವರಲ್ಲಿ’ ಅಕ್ಕಪಕ್ಕದ ಮನೆಯವರ ರೂಟರುಗಳೂ ಸೇರುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದು 1, 6, 11 ಮೂರೇ. ಮೈಕ್ರೋವೇವ್ ಒಲೆ ಕೂಡ ಅದೇ ಅಲೆಗಳ ಜಾಗದಲ್ಲಿ ಗಲಾಟೆ ಮಾಡುತ್ತದೆ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದೆ. ಎಷ್ಟೋ ವಾಸಿಯಾಯಿತು, ಆದರೆ ನಡುವೆ ಎರಡು ಗೋಡೆ ಇದ್ದದ್ದರಿಂದ ಆಗಾಗ ಜಾರುತ್ತಿತ್ತು. ಮೂರು ದಿನ ಆಂಟೆನಾ ತಿರುಗಿಸಿದ ಮೇಲೆ ಬುದ್ಧಿ ಬಂದು ಕೇಬಲ್ ಎಳೆಯಲು ಕೂತೆ. ಮೊದಲ ದಿನವೇ ಕೂರಬೇಕಿತ್ತು.

ಕ್ಯಾಟ್ 5ಇ ಅನ್ನುವ ಲ್ಯಾನ್ ಕೇಬಲ್ ಸಾಕು. 100 ಮೀಟರ್‌ವರೆಗೂ ಅದು ಗಿಗಾಬಿಟ್ (1000 ಎಂಬಿಪಿಎಸ್) ಒಯ್ಯುತ್ತದೆ, ನನಗೆ ಬೇಕಿದ್ದದ್ದು 20 ಮೀಟರ್. ಗೋಡೆಯ ಬುಡದಲ್ಲೇ ಎಳೆದು, ಕಾಣಬಾರದು ಅಂತ ಹಾಲ್‌ನ ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸಿದೆ. ಎರಡೂ ತುದಿಗೆ ಕನೆಕ್ಟರ್ ನಾನೇ ಒತ್ತಿದೆ. ಸ್ಪೀಡ್ ನೋಡಿದರೆ 94. ಮತ್ತೆ ನೋಡಿದೆ, ಮತ್ತೆ 94. 150 ಪ್ಲಾನ್‌ನಲ್ಲಿ ಹೀಗೆ ಹಠ ಹಿಡಿದ ಹಾಗೆ 94 ಬರುತ್ತಿದ್ದರೆ ಮೊದಲು ಲಿಂಕ್ ಸ್ಪೀಡ್, ಅಂದರೆ ಕೇಬಲ್ ಮೇಲೆ ಕಂಪ್ಯೂಟರ್ ಮತ್ತು ರೂಟರ್ ಒಪ್ಪಿಕೊಂಡ ವೇಗ, ನೋಡಿ. ನನ್ನದು 1000 ಬದಲು 100 ತೋರಿಸುತ್ತಿತ್ತು. ಕೇಬಲ್‌ನಲ್ಲಿ ಎಂಟು ತಂತಿ ಇರುತ್ತವೆ. 100 ಎಂಬಿಪಿಎಸ್‌ಗೆ ಅದರಲ್ಲಿ ನಾಲ್ಕೇ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದೆ. ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು. ಬಣ್ಣಗಳ ಸಾಲು ಸರಿಯಾಗಿಯೇ ಇತ್ತು. ಆದರೆ ಕೊನೆಯ ಕಂದು ತಂತಿ ಉಳಿದವುಗಳಿಗಿಂತ ಒಂದು ಎಳ್ಳಿನಷ್ಟು ಹಿಂದೆ ನಿಂತಿತ್ತು, ಪಿನ್ನಿಗೆ ಮುಟ್ಟಿಯೇ ಇರಲಿಲ್ಲ. ಕತ್ತರಿಸಿ ಬಿಸಾಕಿ, ತಂತಿಗಳ ತುದಿ ಸಮ ಮಾಡಿ, ಹೊಸದು ಒತ್ತಿದೆ. ಲಿಂಕ್ 1000 ಆಯಿತು.

ಈಗ ರೂಟರ್ ಕಿಟಕಿಯಲ್ಲಿ ಎಲ್ಲಾ ಸಾಲೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಹಗಲಿನ ಜರ್ಕ್ ಹೋಯಿತು. ಗೆದ್ದೆ ಅಂದುಕೊಂಡೆ. ರಾತ್ರಿ ಹತ್ತೂವರೆಗೆ ಹೊರಗಿನ ಕಿಟಕಿಯಲ್ಲಿ ಮತ್ತೆ 380, 410, 395.

ಅಂದರೆ ಇದ್ದದ್ದು ಎರಡು ಬೇರೆ ಬೇರೆ ಕಾಯಿಲೆ. ಈ ಎರಡನೆಯದನ್ನು ಹಿಡಿಯಲು ಒಂದು ವಾರ ಬೇಕಾಯಿತು. ಕೊನೆಗೆ ರೂಟರಿನ ಪುಟದಲ್ಲಿ ಯಾವ ಸಾಧನ ಎಷ್ಟು ಡೇಟಾ ಕಳಿಸುತ್ತಿದೆ ಅಂತ ನೋಡಿದಾಗ ಸಿಕ್ಕಿತು: ತಂಗಿಯ ಫೋನ್. ಅವಳು ಮಲಗುವ ಮುಂಚೆ ಅದನ್ನು ಚಾರ್ಜಿಗೆ ಹಾಕುತ್ತಾಳೆ. ಚಾರ್ಜ್ ಆಗುತ್ತಿರಬೇಕು, ವೈಫೈ ಇರಬೇಕು, ಆಗ ಮಾತ್ರ ಅವತ್ತಿನ ಫೋಟೋ, ವಿಡಿಯೋ ಬ್ಯಾಕಪ್ ಆಗಲಿ ಅಂತ ಸೆಟ್ಟಿಂಗ್ ಇತ್ತು. ಪಿಂಗ್ ಓಡುತ್ತಿರುವಾಗಲೇ ಹೋಗಿ ಅವಳ ಚಾರ್ಜರ್ ಕಿತ್ತೆ. ವಾಪಸ್ ಬಂದು ನೋಡುವಷ್ಟರಲ್ಲಿ ಅಂಕಿ 36ಕ್ಕೆ ಇಳಿದಿತ್ತು. ಮತ್ತೆ ಚುಚ್ಚಿದೆ. ಮತ್ತೆ 400.

‘ರಾತ್ರಿ ಹೊತ್ತು ಬ್ಯಾಕಪ್ ಆಫ್ ಮಾಡೇ’ ಅಂದೆ. ‘ಅಣ್ಣಾ, ನೀನು ಆಟ ಆಡೋಕೆ ನನ್ನ ಫೋಟೋ ಯಾಕೆ ನಿಲ್ಲಬೇಕು?’ ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಳಗೆ ನಡೆಯುತ್ತಿದ್ದದ್ದು ಇಷ್ಟು. ಫೋನ್ ಸಿಕ್ಕಷ್ಟು ವೇಗದಲ್ಲಿ ವಿಡಿಯೋ ತಳ್ಳುತ್ತದೆ. ಹೊರಗೆ ಹೋಗುವ ಬಾಗಿಲು 10 ಎಂಬಿಪಿಎಸ್ ಮಾತ್ರ. ಹೋಗಲಾಗದ್ದನ್ನು ಆ ಬಾಗಿಲಲ್ಲಿರುವ ಇಂಟರ್ನೆಟ್ ಕಂಪನಿಯ ಪೆಟ್ಟಿಗೆ ಬಿಸಾಕುವುದಿಲ್ಲ, ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಅರ್ಧ ಎಂಬಿ, ಅಂದರೆ 4 ಮೆಗಾಬಿಟ್ ಡೇಟಾ ಹೀಗೆ ನಿಂತರೆ ಅದು ಖಾಲಿಯಾಗಲು 0.4 ಸೆಕೆಂಡ್ ಬೇಕು. ಸರಿಯಾಗಿ 400 ಮಿಲಿಸೆಕೆಂಡ್. ನನ್ನ ಗೇಮಿನ ಪುಟ್ಟ ಪ್ಯಾಕೆಟ್ ಆ ಸಾಲಿನ ಬಾಲದಲ್ಲಿ ನಿಂತು, ತಂಗಿಯ ವಿಡಿಯೋ ಎಲ್ಲಾ ಹೋಗುವವರೆಗೆ ಕಾಯುತ್ತಿತ್ತು. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಈ ಹೆಸರು ಕೊಟ್ಟವರು ಕಂಪ್ಯೂಟರ್ ಪ್ರೋಗ್ರಾಮರ್ ಜಿಮ್ ಗೆಟಿಸ್. ಅವರಿಗೂ ಇದು ಮೊದಲು ಕಣ್ಣಿಗೆ ಬಿದ್ದದ್ದು ಸ್ವಂತ ಮನೆಯ ಇಂಟರ್ನೆಟ್‌ನಲ್ಲೇ. 2012ರಲ್ಲಿ ನೆಟ್‌ವರ್ಕ್ ತಜ್ಞರಾದ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಇದಕ್ಕೆ ಕೋಡೆಲ್ ಎಂಬ ಮದ್ದು ಕೊಟ್ಟರು. ಸಾಲು ಎಷ್ಟು ಉದ್ದ ಇದೆ ಅಂತ ನೋಡದೆ, ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಅಂತ ನೋಡುವ ಉಪಾಯ ಅದು.

ನನ್ನ ಹಳೆಯ ರೂಟರಿನಲ್ಲಿ ‘ಗೇಮಿಂಗ್ ಮೋಡ್’ ಅಂತ ಒಂದು ಗುಂಡಿ ಇತ್ತು. ಒತ್ತಿದರೆ ಪುಟದ ಬಣ್ಣ ಕೆಂಪಾಗುತ್ತಿತ್ತು. ಬೇರೇನೂ ಬದಲಾಗಲಿಲ್ಲ. ಕೊನೆಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ರೂಟರ್ ಸಾಫ್ಟ್‌ವೇರ್ ಹಾಕಬಹುದಾದ ರೂಟರ್ ತಂದು, ಅದರಲ್ಲಿ ಈ ಸಾಲನ್ನು ಹತೋಟಿಯಲ್ಲಿಡುವ ಎಸ್‌ಕ್ಯುಎಂ ಎಂಬ ಪ್ಯಾಕೇಜ್ ಸೇರಿಸಿ, ಕ್ಯೂ ನೋಡಿಕೊಳ್ಳಲು ಕೋಡೆಲ್ ಜಾತಿಯದೇ ಆದ ಕೇಕ್ ಎಂಬುದನ್ನು ಆರಿಸಿದೆ. ಇಲ್ಲಿ ಒಂದು ಗುಟ್ಟಿದೆ. ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಅಂಕಿ ಕೊಡಬೇಕು. ಆಗ ಸಾಲು ಕಂಪನಿಯ ಪೆಟ್ಟಿಗೆಯಲ್ಲಿ ಕಟ್ಟುವುದಿಲ್ಲ, ನಮ್ಮ ರೂಟರಿನಲ್ಲಿ ಕಟ್ಟುತ್ತದೆ. ನಮ್ಮ ಕೈಯಲ್ಲಿದ್ದರೆ ತಾನೇ ಯಾರನ್ನು ಮುಂದೆ ಬಿಡಬೇಕು ಅಂತ ನಾವು ಹೇಳಬಹುದು?

ಅಪ್‌ಲೋಡ್ ಅಳೆದಾಗ 9.6 ಎಂಬಿಪಿಎಸ್ ಬಂತು. ಮೊದಲು 9500 ಕಿಲೋಬಿಟ್, ಅಂದರೆ 9.5 ಎಂಬಿಪಿಎಸ್, ಕೊಟ್ಟು ತಂಗಿಯ ಫೋನ್ ಚಾರ್ಜಿಗೆ ಹಾಕಿದೆ. ಪಿಂಗ್ 90ರ ಹತ್ತಿರ. 9000 ಮಾಡಿದೆ, 50. 8700ಕ್ಕೆ ಬಂದಾಗ 37, 38, 37, 39 ಅಂತ ಸಮತಟ್ಟಾಯಿತು. ಬ್ಯಾಕಪ್ ಆ ಕಡೆ ಆರಾಮಾಗಿ ಹೋಗುತ್ತಲೇ ಇತ್ತು. ಡೌನ್‌ಲೋಡ್‌ಗೆ 135 ಎಂಬಿಪಿಎಸ್ ಕೊಟ್ಟೆ. ಹತ್ತು ಪರ್ಸೆಂಟ್ ವೇಗ ಬಿಟ್ಟುಕೊಟ್ಟ ಹಾಗಾಯಿತು, ನನಗಂತೂ ಬೇಜಾರಿಲ್ಲ. ಒಂದು ಎಚ್ಚರಿಕೆ ಇದೆ. ಈ ಕೆಲಸ ರೂಟರಿನ ಪ್ರೊಸೆಸರ್ ಮೇಲೆ ಬೀಳುತ್ತದೆ. ಪ್ರೊಸೆಸರ್ ಮುಟ್ಟದೆ ಪ್ಯಾಕೆಟ್ ದಾಟಿಸುವ ಹಾರ್ಡ್‌ವೇರ್ ಆಫ್‌ಲೋಡಿಂಗ್ ಆನ್ ಇದ್ದರೆ ಪ್ಯಾಕೆಟ್‌ಗಳು ಎಸ್‌ಕ್ಯುಎಂ ಕಣ್ಣು ತಪ್ಪಿಸಿ ಓಡಿಬಿಡುತ್ತವೆ. ಅದು ಗೊತ್ತಿಲ್ಲದೆ ನಾನು ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡಿದ್ದೆ.

ಡಿಎನ್‌ಎಸ್ (ಹೆಸರಿನಿಂದ ಸರ್ವರಿನ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಾಯಿಸಿ ಅನ್ನುವ ಸಲಹೆಯನ್ನೂ ಮಾಡಿ ನೋಡಿದ್ದೆ. ಸರ್ವರಿನ ವಿಳಾಸ ಸಿಕ್ಕಿ ಆಟ ಶುರುವಾದ ಮೇಲೆ ಡಿಎನ್‌ಎಸ್‌ಗೆ ಕೆಲಸವೇ ಇಲ್ಲ, ಪಿಂಗ್ ಹೇಗೆ ಇಳಿಯಬೇಕು? ಪಿಂಗ್ ಇಳಿಸುತ್ತೇವೆ ಅನ್ನುವ ಬೂಸ್ಟರ್ ಆ್ಯಪ್‌ಗಳೂ ನನ್ನ ಮಟ್ಟಿಗೆ ಸುಮ್ನೆ. ಆದರೆ ಗೇಮ್ ಒಳಗಿನ ಸರ್ವರ್ ರೀಜನ್ ಒಮ್ಮೆ ನೋಡಿಕೊಳ್ಳಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 1000 ಕಿಲೋಮೀಟರ್ ದೂರದ ಸರ್ವರಿಗೆ ಹೋಗಿ ಬರಲು ಕಡಿಮೆಯೆಂದರೂ 10 ಮಿಲಿಸೆಕೆಂಡ್ ಬೇಕು. ಅದನ್ನು ಯಾವ ಆ್ಯಪೂ ಕಮ್ಮಿ ಮಾಡಲಾರದು.

ಒಂದು ಮಾತ್ರ ಉಳಿದಿತ್ತು. ಪಿಂಗ್ ಸಮವಾದ ಮೇಲೂ ನೂರಕ್ಕೆ ಎರಡು ಮೂರು ಪ್ಯಾಕೆಟ್ ಕಳೆದೇ ಹೋಗುತ್ತಿದ್ದವು. ರೂಟರ್ ಕಿಟಕಿ ಸ್ವಚ್ಛ, ಹೊರಗಿನ ಕಿಟಕಿಯಲ್ಲಿ ಮಾತ್ರ ಆಗಾಗ ಟೈಮ್ ಔಟ್. ಈ ಸಲ ತಪ್ಪು ನನ್ನದಲ್ಲ ಅಂತ ಖಾತ್ರಿ ಮಾಡಿಕೊಂಡು, ಎರಡು ದಿನದ ಲಾಗ್ ಫೈಲ್‌ಗೆ ತುಂಬಿಸಿ, ಕಂಪನಿಗೆ ಫೋನ್ ಮಾಡಿ ಸ್ವಲ್ಪ ಜೋರಾಗಿಯೇ ಮಾತಾಡಿದೆ.

ಟೆಕ್ನಿಷಿಯನ್ ಬಂದರು. ಅಂಗೈಯಗಲದ ಮೀಟರಿಗೆ ಫೈಬರ್ ಚುಚ್ಚಿದರು. ಮೈನಸ್ 27 ಡಿಬಿಎಂ (ಬರುವ ಬೆಳಕಿನ ಬಲದ ಅಳತೆ). ‘ಬೆಳಕು ತುಂಬಾ ಕಮ್ಮಿ ಬರ್ತಿದೆ ಸಾರ್’ ಅಂದು ಕೇಬಲ್ ಹಿಡಿದುಕೊಂಡೇ ಗೋಡೆಯುದ್ದಕ್ಕೆ ನಡೆದರು. ಹಾಲ್‌ನ ಬೀರುವಿನ ಹತ್ತಿರ ನಿಂತರು. ಇಬ್ಬರೂ ಸೇರಿ ಅದನ್ನು ಎಳೆದೆವು. ಹಿಂದೆ, ನಾನು ಲ್ಯಾನ್ ಕೇಬಲ್ ಮುಚ್ಚಲು ಒತ್ತಿದ ಜಾಗದಲ್ಲೇ, ಫೈಬರ್ ಹೇರ್‌ಪಿನ್ ಹಾಗೆ ಮಡಿಚಿಕೊಂಡಿತ್ತು. ಅಷ್ಟು ಬಾಗಿದರೆ ಬೆಳಕು ತಿರುವಿನಲ್ಲೇ ಸೋರಿ ಹೋಗುತ್ತದೆ. ನೇರ ಮಾಡಿ ಮತ್ತೆ ಅಳೆದಾಗ ಮೈನಸ್ 20. ಏಳು ಡಿಬಿ ಅಂದರೆ ಐದು ಪಟ್ಟು ಬೆಳಕು. ಅವರು ಏನೂ ಹೇಳಲಿಲ್ಲ. ನಾನೂ ಲಾಗ್ ಫೈಲ್ ತೋರಿಸಲಿಲ್ಲ. ಬೀರು ಈಗಲೂ ಗೋಡೆಯಿಂದ ಒಂದು ಗೇಣು ಮುಂದೆ ನಿಂತಿದೆ.