ನಿವೃತ್ತಿಯ ನಂತರ ಅಟ್ಟ ಇಳಿಸಿದ್ದು

ದಾಖಲೆಯಲ್ಲಿ ನನ್ನ ಹುಟ್ಟಿದ ದಿನ ಜೂನ್ 1. ನಮ್ಮ ಕಾಲದಲ್ಲಿ ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬಹಳ ಜನರಿಗೆ ಅದೇ ತಾರೀಖು ಬರೆದುಬಿಡುತ್ತಿದ್ದರು. ಒಂದನೇ ತಾರೀಖು ಹುಟ್ಟಿದ ಸರ್ಕಾರಿ ನೌಕರರಿಗೆ ಹಿಂದಿನ ತಿಂಗಳ ಕೊನೆಗೇ ನಿವೃತ್ತಿ. ಹಾಗಾಗಿ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ, ಮೇ 31ಕ್ಕೆ, ನನ್ನ ನೌಕರಿಯೂ ಮುಗಿಯಿತು. ಧಾರವಾಡದ ನಮ್ಮ ಓಣಿಯ ಮಕ್ಕಳೆಲ್ಲ ಹೊಸ ಚೀಲ ಹಾಕಿಕೊಂಡು ಶಾಲೆಗೆ ಹೊರಟರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ಮನೆಯಲ್ಲಿ ಉಳಿದೆ.

ಒಂಬತ್ತೂವರೆಗೆ ಸೀರೆ ಉಟ್ಟು ತಯಾರಾಗುವುದು ಮೈಗೆ ಹತ್ತಿದ ರೂಢಿ. ಅದನ್ನು ಬಿಡಲಿಲ್ಲ. ಹತ್ತರಿಂದ ಹನ್ನೆರಡರವರೆಗೆ ಮನೆಯ ಸಾಮಾನು ವಿಂಗಡಿಸುವುದು, ಊಟದ ಮೇಲೆ ಮುಟ್ಟುವುದೇ ಇಲ್ಲ ಎಂದು ಗೊತ್ತು ಮಾಡಿಕೊಂಡೆ. ಆ ಎರಡು ತಾಸು ಇದ್ದದ್ದರಿಂದ ಉಳಿದ ದಿನ ತಾನಾಗಿಯೇ ಸಾಗಿತು.

ಮೊದಲು ಕೈ ಹಾಕಿದ್ದು ಕಾಗದಗಳಿಗೆ. ಮಳೆಗಾಲದಲ್ಲಿ ಅಟ್ಟದ ಪುಸ್ತಕ, ಬಟ್ಟೆ ಇಳಿಸಿದರೆ ನಮ್ಮೂರ ಥಂಡಿಗೆ ಬೂಸ್ಟು ಹಿಡಿಯುತ್ತದೆ. ಕಾಗದಕ್ಕಾದರೆ ಒಂದು ಮೇಜು ಸಾಕು. ಪಿಂಚಣಿ ಪಾವತಿ ಆದೇಶ, ಮನೆಯ ಖರೀದಿ ಪತ್ರ, ಉತಾರ (ಆಸ್ತಿ ಯಾರ ಹೆಸರಿನಲ್ಲಿದೆ ಅನ್ನುವ ದಾಖಲೆ), ತೆರಿಗೆ ಪಾವತಿ, ಠೇವಣಿ ರಸೀದಿ ಎಲ್ಲ ಒಂದೇ ಫೈಲಿಗೆ ಹೋದವು. ಎ.ಜಿ. (ಮಹಾಲೇಖಪಾಲರ) ಕಚೇರಿಯಿಂದ ಪ್ರತಿ ವರ್ಷ ಬರುತ್ತಿದ್ದ ಜಿಪಿಎಫ್, ಅಂದರೆ ಭವಿಷ್ಯ ನಿಧಿ ಲೆಕ್ಕದ ಚೀಟಿಗಳ ದೊಡ್ಡ ಕಟ್ಟೇ ಇತ್ತು. ಜಿಪಿಎಫ್ ಹಣ ಪೂರ್ತಿ ಕೈಸೇರುವ ತನಕ ಅದನ್ನು ಬಿಸಾಡಲಿಲ್ಲ. ಯಾವುದೋ ತಿಂಗಳ ಕಂತು ಲೆಕ್ಕಕ್ಕೆ ಬಂದಿಲ್ಲ ಅಂದರೆ ತೋರಿಸಲು ಅದೇ ಆಧಾರ. ಕೆಜಿಐಡಿ, ಅಂದರೆ ಸರ್ಕಾರಿ ವಿಮಾ ಇಲಾಖೆಯ ಬಾಂಡಿಗೂ ಇದೇ ಮಾತು. ಹಣ ಬಂದ ಮೇಲೆ ಬೇಡವಾದದ್ದನ್ನು ಚೂರು ಚೂರು ಹರಿದೆ. ಸಹಿ, ಖಾತೆ ಸಂಖ್ಯೆ ಇರುವ ಕಾಗದವನ್ನು ಇಡಿಯಾಗಿ ರದ್ದಿಗೆ ಹಾಕಬಾರದು.

ಯಾವ ಕಾಗದ ಎಲ್ಲಿದೆ ಎಂದು ಫೈಲಿನ ಮೊದಲ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು ಅನ್ನುವುದೂ ಅದರಲ್ಲಿದೆ. ನಮ್ಮ ಮನೆಯವರನ್ನು ಎದುರು ಕೂರಿಸಿಕೊಂಡು ಓದಿ ಹೇಳಿದೆ. ನಾನು ಹೋದ ಮೇಲೆ ಕುಟುಂಬ ಪಿಂಚಣಿಗೆ ಓಡಾಡಬೇಕಾದವರು ಅವರೇ ಅಲ್ವಾ? ಗಂಡನ ಪಿಂಚಣಿ ಕಾಗದ ಎಲ್ಲಿದೆ ಅಂತ ಹೆಂಡತಿಗೆ ಹೇಳಿಕೊಡುವ ಮನೆಗಳಿವೆ. ಹೆಂಡತಿಯ ಪಿಂಚಣಿಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಲೇಬೇಕು.

ದಸರಾ ಮುಗಿದು ಬಿಸಿಲು ಬಿದ್ದ ಮೇಲೆ ಅಟ್ಟ ಇಳಿಸಿದೆವು. ಹಳೇ ಪಠ್ಯಪುಸ್ತಕ ರದ್ದಿಗೆ ಹೋದವು. ಸಿಲೆಬಸ್ ಬದಲಾದ ಮೇಲೆ ಅವನ್ನು ಯಾವ ಮಕ್ಕಳಿಗೆ ಕೊಡುವುದು? ಆದರೆ ಮಸೂರ, ಪ್ರಿಸಮ್, ಆಯಸ್ಕಾಂತ, ಊದಿನಕಡ್ಡಿ ಡಬ್ಬಿಯಲ್ಲಿ ನಾನೇ ಮಾಡಿದ ಪೆರಿಸ್ಕೋಪ್, ಇವನ್ನು ಎಸೆಯಲು ಮನಸ್ಸು ಬರಲಿಲ್ಲ. ಕಲಘಟಗಿ ತಾಲೂಕಿನ ಒಂದು ಹೈಸ್ಕೂಲಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಕೊಟ್ಟೆ. ಕೊಡುವ ಮೊದಲು ಒಂದೊಂದಕ್ಕೂ ಚೀಟಿ ಅಂಟಿಸಿದೆ: ಇದು ಯಾವ ಪಾಠಕ್ಕೆ, ಹೇಗೆ ಹಿಡಿದು ತೋರಿಸಬೇಕು ಅಂತ. ಸುಮ್ನೆ ಸಾಮಾನು ಕೊಟ್ಟರೆ ನಮ್ಮ ಅಟ್ಟದ ಧೂಳು ಆ ಶಾಲೆಯ ಕಪಾಟಿಗೆ ಹೋಗುತ್ತದೆ, ಅಷ್ಟೇ. ವಾರದ ಮೇಲೆ ಫೋನ್ ಬಂತು: “ಅಕ್ಕೋರ, ಹುಡುಗೂರು ಪೆರಿಸ್ಕೋಪ್ ಕೆಳಗ ಇಡವಲ್ರು ನೋಡ್ರಿ!” ನಿವೃತ್ತಿಯ ದಿನ ಹಾಕಿದ ಶಾಲಿಗಿಂತ ಈ ಮಾತು ನನಗೆ ದೊಡ್ಡದು.

ಸೀರೆಗಳ ವಿಷಯಕ್ಕೆ ಮಗಳೇ ದಾರಿ ತೋರಿಸಿದಳು. “ಅವ್ವಾ, ನಿನ್ನ ಸೀರಿ ನಾ ಉಡಂಗಿಲ್ಲ. ಕೌದಿ ಹೊಲಿಸಿ ಕೊಡು,” ಅಂದಳು. ಕೌದಿಗೆ ಉಟ್ಟು ಮೆತ್ತಗಾದ ಕಾಟನ್ ಸೀರೆಯೇ ಆಗಬೇಕು. ಸಿಂಥೆಟಿಕ್ ಜಾರುತ್ತದೆ, ಬೆವರು ಹೀರುವುದಿಲ್ಲ. ಹಾಗಾಗಿ ಕಾಟನ್ ಸೀರೆಗಳನ್ನೆಲ್ಲ ಬೇರೆ ಮಾಡಿ ಕೌದಿ ಹೊಲಿಯುವವರಿಗೆ ಒಯ್ದು ಕೊಟ್ಟೆ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಅಷ್ಟಷ್ಟಕ್ಕೆ ಹೊಲಿಗೆ ಹಾಕುತ್ತಾ ಹೋಗುವ ಕೈಕೆಲಸ ಅದು, ವಾರಗಟ್ಟಲೆ ಹಿಡಿಯುತ್ತದೆ. ಇಳಕಲ್ ಸೀರೆಗಳನ್ನು ಮಾತ್ರ ನನಗೇ ಇಟ್ಟುಕೊಂಡೆ.

ಒಂದು ವರ್ಷ ಬಳಸದ ವಸ್ತುವನ್ನು ಮನೆಯಿಂದ ಹೊರಗೆ ಹಾಕಿ ಎಂದು ಈಗ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ದೊಡ್ಡ ಪರಾತ, ಹಿತ್ತಾಳೆ ಕೊಳಗ ಹೊರಬರುವುದು ಮದುವೆ, ಸೀಮಂತಕ್ಕೆ. ಆಗ ಓಣಿಯ ನಾಲ್ಕು ಮನೆಯವರು ಕೇಳಿಕೊಂಡು ಬರುತ್ತಾರೆ. ಅವು ಇರಲಿ. ಹೆಸರು ಕೊರೆಸಿದ ಉಡುಗೊರೆಯ ಸ್ಟೀಲ್ ಡಬ್ಬಿಗಳಲ್ಲಿ ಕೊಟ್ಟವರ ನೆನಪಿಗೆ ಒಂದೊಂದು ಇಟ್ಟುಕೊಂಡು ಉಳಿದದ್ದು ಹಂಚಿದೆ.

ಇನ್ನೂ ಮುಗಿಯದಿರುವುದು ಫೋಟೋ. ಅಂಟಿನ ಆಲ್ಬಮ್ಮಿನಲ್ಲಿ ಹಿಡಿದುಕೊಂಡ ಫೋಟೋಗಳನ್ನು ಕಿತ್ತರೆ ಹರಿಯುತ್ತವೆ. ಗಟ್ಟಿ ದಾರವನ್ನು ಹಿಂದಿನಿಂದ ಮೆಲ್ಲಗೆ ಸರಿಸುತ್ತಾ ಬಿಡಿಸಬೇಕು. ಹೆಸರನ್ನು ಹಿಂಬದಿಗೆ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯುತ್ತಿದ್ದೇನೆ, ಬಾಲ್‌ಪೆನ್ನಿನ ಒತ್ತು ಮುಖದ ಮೇಲೆ ಮೂಡುತ್ತದೆ. ಹಳೆಯ ಫೋಟೋಗಳಲ್ಲಿ ಇರುವವರು ಯಾರು ಎಂದು ಹೇಳಬಲ್ಲವರು ಈಗ ಬೈಲಹೊಂಗಲದಲ್ಲಿರುವ ನಮ್ಮವರ ಸೋದರತ್ತೆ ಒಬ್ಬರೇ. ಅವರಿಗೆ ವಯಸ್ಸಾಗಿದೆ, ಇಲ್ಲಿಗೆ ಬರಲು ಆಗುವುದಿಲ್ಲ. ಬರುವ ವಾರ ಆಲ್ಬಮ್ ತೆಗೆದುಕೊಂಡು ನಾವೇ ಹೋಗುತ್ತಿದ್ದೇವೆ.