ಮೇಪಲ್ ನೆಡುವ ಮೊದಲು ಅದರ ಬುಡ ಹುಡುಕಿ

ಜಪಾನಿ ಮೇಪಲ್ ಅಂದರೆ ಅಂದದ ಎಲೆಗಾಗಿ ತೋಟದಲ್ಲಿ ಬೆಳೆಸುವ ಸಣ್ಣ ಮರ. ನನ್ನ ಮೊದಲನೆಯದು ಮೂರೇ ವರ್ಷ ಬದುಕಿತು. ಹೊತ್ತಿಗೆ ಸರಿಯಾಗಿ ನೀರು ಹಾಕಿದ್ದೆ, ಮಧ್ಯಾಹ್ನದ ಬಿಸಿಲಿಗೆ ನೆರಳೂ ಕಟ್ಟಿದ್ದೆ. ಆದರೂ ವರ್ಷದಿಂದ ವರ್ಷಕ್ಕೆ ಎಲೆ ಸಣ್ಣದಾಗುತ್ತಾ ಬಂತು, ತುದಿಯ ಕಡ್ಡಿಗಳು ಒಣಗಿದವು. ನಾಲ್ಕನೇ ವಸಂತದಲ್ಲಿ ಗಿಡ ಚಿಗುರಲೇ ಇಲ್ಲ. ಕಿತ್ತು ನೋಡಿದೆ. ಕಾಂಡದ ಬುಡ ಅರ್ಧ ಗೇಣು ಮಣ್ಣಿನೊಳಗೆ ಹೂತಿತ್ತು. ಬೆರಳು ದಪ್ಪದ ಒಂದು ಬೇರು ಅದನ್ನು ಹಗ್ಗದ ಹಾಗೆ ಸುತ್ತಿ ಬಿಗಿದಿತ್ತು. ಅಲ್ಲಿ ತೊಗಟೆ ಕಪ್ಪಾಗಿ, ಉಗುರು ತಾಗಿದರೆ ಸುಲಿದು ಬರುವಷ್ಟು ಮೆತ್ತಗಾಗಿತ್ತು.

ಅದಕ್ಕೇ ನಾನು ಈ ಮಾತನ್ನು ಮೊದಲು ಹೇಳುವುದು. ಗಿಡ ತಂದ ದಿನ ಗುಂಡಿ ತೋಡುವ ಅವಸರ ಬೇಡ. ಕುಂಡದ ಮೇಲ್ಮಣ್ಣನ್ನು ಬೆರಳಿಂದ ಕೆದಕುತ್ತಾ ಹೋಗಿ. ಕೂದಲಿನಂಥ ಸಣ್ಣ ಬೇರು ಸಿಕ್ಕರೆ ನಿಲ್ಲಬೇಡಿ, ಇನ್ನೂ ಕೆಳಗೆ ಹೋಗಿ. ಕಾಂಡ ಅಗಲವಾಗಿ, ಅದರಿಂದ ದಪ್ಪ ಬೇರುಗಳು ನಾಲ್ಕು ಕಡೆಗೆ ಕವಲೊಡೆಯುವ ಜಾಗ ಸಿಗುತ್ತದೆ. ಅದೇ ನಿಜವಾದ ಬುಡ. ಅದು ನೆಲದ ಮಟ್ಟದಲ್ಲಿ, ಕಣ್ಣಿಗೆ ಕಾಣುವ ಹಾಗೆ ಇರಬೇಕು. ಕುಂಡದಲ್ಲಿ ಮಣ್ಣು ಎಲ್ಲಿವರೆಗೆ ಇತ್ತೋ ಅಲ್ಲಿವರೆಗೆ ಹೂಳಿದರೆ ಸಾಕು ಅಂತ ನಾನೂ ನಂಬಿದ್ದೆ. ಎಷ್ಟೋ ಸಲ ಕುಂಡದಲ್ಲೇ ಗಿಡ ಆಳಕ್ಕೆ ಹೂತಿರುತ್ತದೆ.

ಸುತ್ತು ಹಾಕಿದ ಬೇರು ಕಂಡರೆ ಬಿಡಿಸಿ ಹೊರಗೆ ಚಾಚಿ. ಬಗ್ಗದಿದ್ದರೆ ಚೂಪಾದ ಕತ್ತರಿಯಿಂದ ಕತ್ತರಿಸಿ. ಬೇರು ಕತ್ತರಿಸಲು ಕೈ ನಡುಗುತ್ತದೆ, ನಿಜ. ಆದರೆ ಈಗ ಬಿಟ್ಟ ಬೇರು ಮುಂದೆ ದಪ್ಪಗಾಗಿ ಕಾಂಡವನ್ನೇ ಹಿಸುಕುತ್ತದೆ.

ಗುಂಡಿಯ ಅಗಲ ಬೇರಿನ ಗಡ್ಡೆಯ, ಅಂದರೆ ಬೇರು ಮಣ್ಣು ಸೇರಿದ ಉಂಡೆಯ, ಎರಡು ಮೂರು ಪಟ್ಟು ಇರಲಿ, ಆಳ ಮಾತ್ರ ಗಡ್ಡೆಯಷ್ಟೇ. ಮೇಪಲ್ ಬೇರು ಆಳಕ್ಕಿಂತ ಅಗಲಕ್ಕೆ ಹರಡುತ್ತದೆ. ತಳದ ಮಣ್ಣು ಸಡಿಲ ಮಾಡಿದರೆ ಗಿಡ ಆಮೇಲೆ ಕುಸಿದು, ಮತ್ತೆ ಬುಡ ಹೂತುಹೋಗುತ್ತದೆ. ತೆಗೆದ ಮಣ್ಣನ್ನೇ ವಾಪಸ್ ತುಂಬಿ. ಗುಂಡಿಯೊಳಗೆ ಗೊಬ್ಬರ ಸುರಿಯಬೇಡಿ, ಕಾಂಪೋಸ್ಟ್ ಇದ್ದರೆ ಮೇಲೆ ಹರಡಿ. ಜೇಡಿಮಣ್ಣಾಗಿ ನೀರು ನಿಲ್ಲುವ ಜಾಗವಾದರೆ ಗುಂಡಿಗಿಂತ ದಿಬ್ಬವೇ ಒಳ್ಳೆಯದು. ಸ್ವಲ್ಪ ಹುಳಿ ಇರುವ ಮಣ್ಣು, ಅಂದರೆ ಪಿಎಚ್ 5.5ರಿಂದ 6.5, ಇದಕ್ಕೆ ಇಷ್ಟ.

ಜಾಗ ಆರಿಸುವಾಗ ಒಂದು ದಿನ ಸುಮ್ನೆ ಕೂತು ಬಿಸಿಲು ಹೇಗೆ ಸರಿಯುತ್ತದೆ ಅಂತ ನೋಡಿ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬಿಸಿ ಗಾಳಿ ಬೀಸುವ ಮೂಲೆ ಬೇಡ. ಎಲೆಯ ಅಂಚು ಕಂದಾಗಿ, ಮುಟ್ಟಿದರೆ ಪುಡಿಯಾದರೆ ಜನ ರೋಗ ಅಂತ ಹೆದರಿ ಔಷಧಿ ಹೊಡೆಯುತ್ತಾರೆ. ಅದು ಬಹಳ ಸಲ ಗಾಳಿ, ಬಿಸಿಲು, ಒಣಗಿದ ಮಣ್ಣು ಇವುಗಳ ಕೆಲಸ. ಲೇಸಿನಂತೆ ಸೀಳಿದ ಎಲೆಯ ತಳಿಗಳು ಬೇಗ ಸುಡುತ್ತವೆ. ಕ್ರಿಮ್ಸನ್ ಕ್ವೀನ್ ಅಂಥ ಸೀಳೆಲೆಯ ತಳಿ. ಹೊಸಬರಿಗೆ ನಾನು ಹೇಳುವುದು ಬ್ಲಡ್‌ಗುಡ್ ಅಥವಾ ಒಸಾಕಾಜುಕಿ. ಮೊದಲನೆಯದರ ಎಲೆ ಗಾಢ ಕೆಂಪು. ಎರಡನೆಯದು ಬೇಸಿಗೆಯಲ್ಲಿ ಹಸಿರು, ಎಲೆ ಉದುರುವ ಮೊದಲು ಬೆಂಕಿಯಂತೆ ಕೆಂಪಾಗುತ್ತದೆ. ಸಾಂಗೋ ಕಾಕು ಎಂಬ ತಳಿಯ ಎಳೆ ಕೊಂಬೆಗಳು ಚಳಿಗಾಲದಲ್ಲಿ ಹವಳದ ಬಣ್ಣಕ್ಕೆ ತಿರುಗುತ್ತವೆ. ಎಲೆ ಇಲ್ಲದ ತೋಟದಲ್ಲಿ ಅದನ್ನು ನೋಡುತ್ತಾ ನಿಂತುಬಿಡುತ್ತೇನೆ.

ಒಂದು ಮಾತು ನೇರವಾಗಿ ಹೇಳಬೇಕು. ಇದು ಎಲೆ ಉದುರಿಸಿ ಚಳಿಯಲ್ಲಿ ಮಲಗುವ ಮರ. ಚಳಿಯೇ ಬೀಳದ ಜಾಗದಲ್ಲಿ ಅದಕ್ಕೆ ಆ ನಿದ್ದೆ ಸಿಗುವುದಿಲ್ಲ, ಗಿಡ ಸೊರಗುತ್ತದೆ. ಅಂಥ ಕಡೆ ನೆಡಬೇಡಿ ಅಂತಲೇ ನನ್ನ ಸಲಹೆ.

ನೀರಿನ ವಿಷಯದಲ್ಲಿ ದಿನ ಎಣಿಸಬೇಡಿ, ಮಣ್ಣು ಮುಟ್ಟಿ. ಎರಡು ಗೆಣ್ಣು ಬೆರಳು ಇಳಿಸಿ, ಒಳಗೆ ತಂಪಿದ್ದರೆ ಬಿಟ್ಟುಬಿಡಿ. ಒಣಗಿದ್ದರೆ ನಿಧಾನವಾಗಿ, ಆಳಕ್ಕೆ ಇಳಿಯುವ ಹಾಗೆ ಹಾಕಿ. ಮೊದಲ ಎರಡು ಬೇಸಿಗೆ ಇದನ್ನು ತಪ್ಪಿಸಬೇಡಿ. ಬುಡದ ಸುತ್ತ ಮರದ ತೊಗಟೆ ಅಥವಾ ಒಣಎಲೆ 5ರಿಂದ 8 ಸೆಂಟಿಮೀಟರ್ ದಪ್ಪ ಹಾಸಿ. ಕಾಂಡಕ್ಕೆ ಮಾತ್ರ ತಾಗಬಾರದು, ಒಂದು ಅಂಗೈ ಅಗಲ ಬಿಡಿ. ತಾಗಿಸಿದರೆ ಬುಡ ಹೂಳಿದ ಹಾಗೇ ಆಯಿತು, ಅಲ್ವಾ? ಗೊಬ್ಬರ ಜಾಸ್ತಿ ಬೇಡ. ಚಿಗುರುವ ಮುಂಚೆ ನಿಧಾನವಾಗಿ ಕರಗುವ ಗೊಬ್ಬರ ಒಂದು ಸಲ, ಸ್ವಲ್ಪವೇ ಸಾಕು.

ಕೊಂಬೆ ಕತ್ತರಿಸುವುದಕ್ಕೆ ಎಲೆ ಉದುರಿದ ಮೇಲಿನ ದಿನಗಳು ಒಳ್ಳೆಯವು. ಚಿಗುರುವ ಹೊತ್ತಿಗೆ ಕತ್ತರಿಸಿದರೆ ಗಾಯದಿಂದ ರಸ ತೊಟ್ಟಿಕ್ಕುತ್ತಲೇ ಇರುತ್ತದೆ. ಒಣಗಿದ್ದು, ಒಂದಕ್ಕೊಂದು ಉಜ್ಜುವಂಥದ್ದು ತೆಗೆಯಿರಿ. ಮೇಪಲ್ ಮೊಗ್ಗುಗಳು ಎದುರುಬದುರು ಜೋಡಿಯಾಗಿರುತ್ತವೆ. ಜೋಡಿಯ ಸ್ವಲ್ಪ ಮೇಲೆ ಕತ್ತರಿಸಿದರೆ ಎರಡು ಕವಲು ಬರುತ್ತವೆ. ಹೆಸರುಳ್ಳ ತಳಿಗಳು ಸಾಮಾನ್ಯವಾಗಿ ಕಸಿ ಗಿಡಗಳು. ಕೆಂಪೆಲೆಯ ಗಿಡದಲ್ಲಿ ಕಸಿಯ ಕೆಳಗಿಂದ ಹಸಿರೆಲೆಯ ಗಟ್ಟಿ ಚಿಗುರು ಬಂದರೆ ಖುಷಿಪಡಬೇಡಿ, ಅದು ಬೇರುಗಿಡದ್ದು, ಅಂದರೆ ಕಸಿ ಕಟ್ಟಲು ಕೆಳಗೆ ಬಳಸಿದ ಗಿಡದ್ದು. ಎಳೆಯದಿದ್ದಾಗಲೇ ಬುಡಸಮೇತ ತೆಗೆಯಿರಿ. ಬಿಟ್ಟರೆ ಮೇಲಿನದನ್ನು ಅದು ಹಿಂದೆ ಹಾಕುತ್ತದೆ.

ಗಿಡಹೇನು ಬಂದರೆ ನೀರಿನ ಪೈಪಿನಿಂದ ಜೋರಾಗಿ ತೊಳೆದರೆ ಸಾಕು. ಇದ್ದಕ್ಕಿದ್ದಂತೆ ಒಂದೇ ಕೊಂಬೆ ಬಾಡಿ, ಕತ್ತರಿಸಿದಾಗ ಒಳಗೆ ಕಪ್ಪು ಗೆರೆ ಕಂಡರೆ ಎಚ್ಚರ. ಅದು ವರ್ಟಿಸಿಲಿಯಂ ಎಂಬ ಮಣ್ಣಿನ ಶಿಲೀಂಧ್ರ ಇರಬಹುದು. ಅದಕ್ಕೆ ಔಷಧಿ ಇಲ್ಲ. ಆ ಕೊಂಬೆ ತೆಗೆದು ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಗಿಡ ಸತ್ತರೆ ಅದೇ ಜಾಗದಲ್ಲಿ ಇನ್ನೊಂದು ಮೇಪಲ್ ನೆಡಬೇಡಿ.

ನನ್ನ ಎರಡನೇ ಗಿಡಕ್ಕೆ ಈಗ 11 ವರ್ಷ. ವಸಂತದಲ್ಲಿ ಮೊಗ್ಗು ಒಡೆದಾಗ ಮಡಚಿದ ಎಲೆಗಳು ಮಗುವಿನ ಮುಷ್ಟಿಯ ಹಾಗೆ ಕೆಳಗೆ ಜೋತಿರುತ್ತವೆ. ಎರಡು ಮೂರು ದಿನದಲ್ಲಿ ಒಂದೊಂದೇ ಬೆರಳು ಬಿಚ್ಚಿಕೊಳ್ಳುತ್ತದೆ. ಆ ವಾರ ಹಿಮ ಬೀಳುವ ಸೂಚನೆ ಇದ್ದರೆ ರಾತ್ರಿ ಹಳೆಯ ಬೆಡ್‌ಶೀಟ್ ಹೊದಿಸಿ, ಬೆಳಿಗ್ಗೆ ಬಿಸಿಲು ಬಂದ ಮೇಲೆ ತೆಗೆಯುತ್ತೇನೆ. ತೆಗೆದ ಮೇಲೆ ಬುಡದ ಹತ್ತಿರ ಕೂತು, ಕಾಂಡದ ಮೇಲೆ ಜರುಗಿ ಬಂದ ಎಲೆ, ಮಣ್ಣನ್ನು ಕೈಯಿಂದ ಸರಿಸಿಬಿಡುತ್ತೇನೆ.