ಬಿಸಿನೀರು ಹುಯ್ಕೊಳ್ಳದ ಹೆಡ್ ಕಾನ್ಸ್‌ಟೇಬಲ್ – ನಾನು ಪತ್ತೇದಾರಿ ಕಾದಂಬರಿ ಬರೆದ ಅನುಭವ

ನನ್ನ ಕಾದಂಬರಿಯ ಪತ್ತೇದಾರ ಜವರಯ್ಯ ಮಂಡ್ಯ ಹತ್ರದ ಒಂದು ಠಾಣೆಯಲ್ಲಿ ಹೆಡ್ ಕಾನ್ಸ್‌ಟೇಬಲ್, ವಯಸ್ಸು ನಲವತ್ತಾರು, ತಲೆಗೆ ಬಿಸಿನೀರು ಹುಯ್ಕೊಂಡು ಹದಿನೈದು ವರ್ಷ ಆಗಿದೆ. ಹುಯ್ಕೊಂಡ್ರೆ ಫಿಟ್ಸ್ ಬರುತ್ತೆ. ದೂರದ ಊರಿನವರಿಗೆ ಇದನ್ನ ಹೇಳಿದ್ರೆ ಕಥೆಗೋಸ್ಕರ ಕಟ್ಟಿದ್ದು ಅನ್ಕೋತಾರೆ, ನಮ್ ಮಂಡ್ಯ ಮೈಸೂರು ಚಾಮರಾಜನಗರ ಕಡೆ ಒಂದು ಮದ್ವೆ ಮನೇಲಿ ಕೂತು ಹೇಳಿ ನೋಡಿ, ಪಕ್ಕದಲ್ಲಿರೋರು ಯಾರಾದ್ರೂ ದನಿ ತಗ್ಗಿಸಿ ‘ನಮ್ ಚಿಕ್ಕಪ್ಪನ ಮಗನಿಗೂ ಇತ್ತು ಕಣಿ’ ಅಂತಾರೆ.

ನನ್ನ ತಮ್ಮನಿಗೆ ಇತ್ತು. ಪಾಂಡವಪುರ ಪಕ್ಕದ ನಮ್ಮೂರಲ್ಲಿ, ಅವನಿಗೆ ಏಳು ವರ್ಷ ಇದ್ದಾಗ, ಹಬ್ಬದ ಎಣ್ಣೆ ಸ್ನಾನದ ದಿನ. ಅವ್ವ ಹಂಡೆಯಿಂದ ಮೊಗೆದು ಮೊಗೆದು ಹುಯ್ತಾ ಇದ್ರು, ನಾನು ಒಲೆ ಮುಂದೆ ತೆಂಗಿನ ಗರಿ ಸಿಗೀತಾ ಇದ್ದೆ, ಇದ್ದಕ್ಕಿದ್ದ ಹಾಗೆ ಅವನು ಗೋಡೆ ಕಡೆ ನೋಡ್ತಾ ನಿಂತುಬಿಟ್ಟ, ತುಟಿ ಮಾತ್ರ ಏನೋ ಚಪ್ಪರಿಸೋ ಹಾಗೆ ಆಡ್ತಿತ್ತು, ಕರೆದ್ರೆ ಓಗೊಡ್ಲಿಲ್ಲ, ಆಮೇಲೆ ಕುಸಿದ. ಅಕ್ಕಪಕ್ಕದವರು ಓಡಿ ಬಂದು ಕೈಗೆ ಬೀಗದಕೈ ಇಟ್ರು, ಮೂಗಿಗೆ ಈರುಳ್ಳಿ ಹಿಡಿದ್ರು. ಅದ್ರಿಂದ ಏನೂ ಆಗಲ್ಲ, ಮಗ್ಗುಲಿಗೆ ತಿರುಗಿಸಿ ಮಲಗಿಸ್ಬೇಕು, ಬಾಯೊಳಗೆ ಏನೂ ತುರುಕಬಾರದು, ಐದು ನಿಮಿಷ ದಾಟಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು ಅನ್ನೋದು ನಮಗೆ ತಿಳಿದಿದ್ದು ಎಷ್ಟೋ ವರ್ಷ ಆದ್ಮೇಲೆ.

ಕಾದಂಬರಿ ಶುರು ಮಾಡಿದಾಗ ಮಾತ್ರ ನಾನು ತಮ್ಮನನ್ನ ಕೇಳ್ಲೇ ಇಲ್ಲ, ಅದೇ ನಾನು ಮಾಡಿದ ದೊಡ್ಡ ತಪ್ಪು. ಮೈಸೂರಿಂದ ಮಂಡ್ಯಕ್ಕೆ ಕೆಲಸಕ್ಕೆ ಓಡಾಡ್ತೀನಿ, ರೈಲಲ್ಲಿ ಮುಕ್ಕಾಲು ಗಂಟೆ ಹೋಗ್ತಾ ಮುಕ್ಕಾಲು ಗಂಟೆ ಬರ್ತಾ ಮೊಬೈಲಲ್ಲೇ ಟೈಪ್ ಮಾಡ್ತಿದ್ದೆ, ಎಂಟು ತಿಂಗಳಲ್ಲಿ ಮೊದಲ ಡ್ರಾಫ್ಟ್ ಮುಗೀತು. ಅದರಲ್ಲಿ ಜವರಯ್ಯ ಆಲೆಮನೆಗೆ ಹೋಗ್ತಾನೆ, ಕೊಪ್ಪರಿಗೆಯಲ್ಲಿ ಕಬ್ಬಿನಹಾಲು ಕುದೀತಿರುತ್ತೆ, ಹಬೆ ಮುಖಕ್ಕೆ ಹೊಡೆದು ಫಿಟ್ಸ್ ಬರುತ್ತೆ, ಆ ಮಂಪರಿನಲ್ಲಿ ಕೊಲೆಗಾರನ ಮುಖ ಕಾಣುತ್ತೆ. ಬರೆಯುವಾಗ ನನಗೆ ಮೈ ಜುಮ್ ಅಂದಿತ್ತು. ಪ್ರಿಂಟ್ ಹಾಕಿಸಿ ತಮ್ಮನಿಗೆ ಕೊಟ್ಟೆ. ಅವನು ಎರಡು ದಿನ ಬಿಟ್ಟು ಫೋನ್ ಮಾಡಿ, ‘ಅಕ್ಕ, ನಂಗೆ ಯಾವತ್ತೂ ಏನೂ ಕಾಣ್ಲಿಲ್ಲ ಕಣಕ್ಕ, ಕಾಣದೇ ಇರೋದೇ ಆ ಕಾಯ್ಲೆ’ ಅಂದ. ಆ ಒಂದು ಮಾತಿಗೆ ನೂರಾಮೂವತ್ತು ಪುಟ ತೆಗೆದುಹಾಕಿದೆ, ಇವತ್ತಿಗೂ ಬೇಜಾರಿಲ್ಲ.

ಆಮೇಲೆ ಓದೋಕೆ ಕೂತೆ, ಮೈಸೂರಲ್ಲೇ ಒಬ್ಬ ನರರೋಗ ತಜ್ಞರು ಮೂರು ಭಾನುವಾರ ಟೈಮ್ ಕೊಟ್ಟು ಎಲ್ಲ ಬಿಡಿಸಿ ಹೇಳಿದ್ರು. ಬಿಸಿನೀರಿನ ಮೂರ್ಛೆ ಅಂತ ಮೊದಲು ದಾಖಲಾಗಿದ್ದು ದೂರದ ನ್ಯೂಜಿಲೆಂಡಲ್ಲಿ, 1945ರಲ್ಲಿ. ಆದ್ರೆ ಪ್ರಪಂಚದಲ್ಲೇ ಅತಿ ಹೆಚ್ಚು ಕೇಸ್‌ಗಳು ವರದಿಯಾಗಿರೋದು ದಕ್ಷಿಣ ಭಾರತದಿಂದ, ಅದರಲ್ಲೂ ನಮ್ಮ ಕರ್ನಾಟಕದ ಈ ಭಾಗದಿಂದ. ನಿಮ್ಹಾನ್ಸ್ ಡಾಕ್ಟರ್‌ಗಳು ದಶಕಗಳ ಕಾಲ ಇದರ ಮೇಲೆ ಕೆಲಸ ಮಾಡಿದ್ದಾರೆ, ಯಳಂದೂರು ತಾಲ್ಲೂಕಲ್ಲಿ ಮನೆಮನೆಗೆ ಹೋಗಿ ಮೂರ್ಛೆರೋಗದ ಸರ್ವೆ ಮಾಡಿದಾಗ್ಲೂ ಇದು ಎದ್ದು ಕಂಡಿದೆ. ನಾವು ಸ್ನಾನ ಮಾಡೋ ರೀತಿಗೂ ಇದಕ್ಕೂ ಸಂಬಂಧ ಇದೆಯಂತೆ: ಹಂಡೆ ತುಂಬ ಸುಡುಸುಡು ನೀರು, ಒಂದು ಚೊಂಬು ಇಳಿಯೋಕೆ ಮುಂಚೆ ಇನ್ನೊಂದು ಚೊಂಬು, ನೇರ ನೆತ್ತಿ ಮೇಲೆ. ಅದರ ಜೊತೆಗೆ ವಂಶದಲ್ಲಿ ಬರೋ ಗುಣಾನೂ ಇದೆ, ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಬರೋದುಂಟು. ಬರೀ ಹಬೆ ಹೊಡೆದ್ರೆ ಸಾಮಾನ್ಯವಾಗಿ ಬರಲ್ಲ ಅಂದ್ರು, ಆಲೆಮನೆ ಸೀನು ಅಲ್ಲಿಗೆ ಪೂರ್ತಿ ಹೋಯ್ತು. ಬಹಳಷ್ಟು ಜನಕ್ಕೆ ನೀರಿನ ಬಿಸಿ ಕಮ್ಮಿ ಮಾಡಿಕೊಂಡ್ರೇ ಹತೋಟಿಗೆ ಬರುತ್ತೆ, ಕೆಲವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಫಿಟ್ಸ್ ತಡೆಯೋ ಕ್ಲೋಬಜಾಮ್ ಮಾತ್ರೆ ಕೊಡ್ತಾರೆ, ಇನ್ನು ಕೆಲವರಿಗೆ ಮುಂದೆ ಸ್ನಾನ ಇಲ್ದೇನೂ ಫಿಟ್ಸ್ ಶುರುವಾಗಬಹುದು, ಅವರಿಗೆ ದಿನಾ ಮಾತ್ರೆ ಬೇಕು. (ಇದನ್ನೆಲ್ಲ ಡಾಕ್ಟರ್ ನೋಡೇ ಬರೆದು ಕೊಡ್ಬೇಕು, ಕಥೆ ಓದಿ ಯಾರೂ ಮಾತ್ರೆ ತಗೋಬೇಡಿ.)

ಇನ್ನೊಂದು ವಿಷಯ ಕೇಳಿ ನಾನು ಪೆನ್ ಕೆಳಗಿಟ್ಟೆ. ಕೆಲವರಿಗೆ ಆ ಕ್ಷಣದಲ್ಲಿ ಒಂಥರಾ ಸುಖ ಆಗುತ್ತಂತೆ, ಅದಕ್ಕೇ ನಿಲ್ಲಿಸದೆ ಹುಯ್ಕೋತಾನೇ ಇರ್ತಾರಂತೆ. ಮನೆಗೆ ಬಂದು ತಮ್ಮನನ್ನ ಕೇಳ್ದೆ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ‘ಹೂಂ, ಕಿವಿಯಲ್ಲಿ ಗುಂಯ್ ಅಂತ ಶುರು ಆಗೋದು, ಹಿತವಾಗಿರೋದು, ಸಾಕು ಅಂತ ತಲೆಗೆ ಗೊತ್ತಾಗೋದು, ಕೈಗೆ ಗೊತ್ತಾಗ್ತಿರ್ಲಿಲ್ಲ, ಇನ್ನೊಂದ್ ಚೊಂಬು, ಇನ್ನೊಂದ್ ಚೊಂಬು ಅಂತ ಕೈ ತಾನಾಗೇ ಹಂಡೆಗೆ ಹೋಗೋದು. ಅವ್ವಂಗೆ ಹೇಳೋಕೆ ನಾಚ್ಕೆ, ಬೇಕಂತ ಮಾಡ್ಕೋತಾನೆ ಅನ್ಕೋತಾರೆ ಅಂತ ಭಯ.’ ಮೂವತ್ತು ವರ್ಷ ಒಂದೇ ಮನೆಯ ಊಟ ಉಂಡಿದ್ದೀವಿ, ನನಗೆ ಇದು ಗೊತ್ತೇ ಇರ್ಲಿಲ್ಲ. ಅವನ ಪರ್ಮಿಷನ್ ತಗೊಂಡೇ ಬರೀತಿದ್ದೀನಿ. ಜವರಯ್ಯನಿಗೆ ಮನುಷ್ಯನ ಜೀವ ಬಂದಿದ್ದು ಅಲ್ಲಿಂದ, ಯಾಕಂದ್ರೆ ಅವನು ತಪ್ಪೊಪ್ಪಿಗೆ ಹೇಳೋರ ಎದುರು ಕೂತಾಗ ‘ಬೇಡ ಅಂತ ಗೊತ್ತಿತ್ತು ಸಾರ್, ಕೈ ನಿಲ್ಲಲಿಲ್ಲ’ ಅನ್ನೋ ಮಾತನ್ನ ಬೇರೆ ಪೊಲೀಸ್ನೋರ ಥರ ಕೇಳಿಸ್ಕೊಳ್ಳಲ್ಲ.

ಫಿಟ್ಸನ್ನ ಬರೆಯೋದು ಹೇಗೆ ಅನ್ನೋದೇ ನನಗೆ ಅತಿ ಕಷ್ಟ ಆಗಿದ್ದು. ಹೊರಗಿಂದ ಬರೆಯೋದು ಸುಲಭ, ನೊರೆ, ಒದ್ದಾಟ, ಕಿರುಚಾಟ, ಅದನ್ನ ಎಲ್ರೂ ಬರೆದಿದ್ದಾರೆ, ಓದುಗರಿಗೆ ಹೆದರಿಕೆ ಹುಟ್ಟಿಸೋದು ಬಿಟ್ರೆ ಅದ್ರಲ್ಲಿ ಏನೂ ಇಲ್ಲ. ನಾನು ಒಳಗಿಂದ ಬರೀಬೇಕಿತ್ತು, ಒಳಗೆ ಏನೂ ಇಲ್ಲ ಅಂತಾನೆ ತಮ್ಮ. ಹನ್ನೊಂದು ಸಲ ಬರೆದೆ. ಕೊನೆಗೆ ಉಳಿಸ್ಕೊಂಡಿದ್ದು ಎರಡೇ ವಾಕ್ಯ: ‘ಜವರಯ್ಯ ನಾಲ್ಕನೇ ಚೊಂಬು ಎತ್ತಿದ. ಕೆನ್ನೆಗೆ ಕಲ್ಲುಚಪ್ಪಡಿ ತಣ್ಣಗಿತ್ತು.’ ನಡುವೆ ಏನೂ ಇಲ್ಲ, ಚುಕ್ಕಿಗಳನ್ನೂ ಹಾಕಿಲ್ಲ, ಒಂದು ಸಾಲು ಖಾಲೀನೂ ಬಿಟ್ಟಿಲ್ಲ. ಓದಿದವರೊಬ್ರು ಇಲ್ಲೇನೋ ಪ್ರಿಂಟ್ ಬಿಟ್ಟುಹೋಗಿದೆ ಅಂತ ಹಿಂದಿನ ಪುಟ ತಿರುಗಿಸಿ ನೋಡಿದ್ರಂತೆ, ಅದೇ ನನಗೆ ಬೇಕಾಗಿದ್ದು. ಇಡೀ ಕಾದಂಬರಿಯಲ್ಲಿ ಫಿಟ್ಸ್ ಬರೋದು ಎರಡೇ ಸಲ. ಮಿಕ್ಕಿದ್ದೆಲ್ಲ ಬರದೇ ಇರ್ಲಿ ಅಂತ ಅವನು ಮಾಡೋ ಕೆಲಸಗಳು.

ಆ ಕೆಲಸಗಳೇ ಕಥೆಗೆ ದಾರಿ ಕೊಟ್ವು. ಡ್ರೈವಿಂಗ್ ಲೈಸೆನ್ಸಿನ ಫಾರಂ 1ರಲ್ಲಿ ಅಪಸ್ಮಾರ ಇದ್ಯಾ ಅಂತ ನೇರವಾಗಿ ಕೇಳ್ತಾರೆ. ಜವರಯ್ಯ ಇಲಾಖೆಗೆ ಕಾಯಿಲೆ ಮುಚ್ಚಿಟ್ಟಿದ್ದಾನೆ, ಆದ್ರೆ ಆ ಫಾರಮ್ಮಲ್ಲಿ ಸುಳ್ಳು ಬರೆಯೋಕೆ ಮನಸ್ಸು ಬರಲ್ಲ, ಅದಕ್ಕೇ ಬೈಕ್ ಹತ್ತಲ್ಲ, ಬಸ್ಸು, ಟೆಂಪೋ, ಇಲ್ದಿದ್ರೆ ನಡಿಗೆ. ತನಿಖೆ ಅಲ್ಲಿಗೆ ನಿಧಾನ ಆಯ್ತು, ನಾಲೆ ಏರಿ ಮೇಲೆ ನಡೆದು ಹೋಗೋನಿಗೆ ಜೀಪಲ್ಲಿ ಹೋಗೋರಿಗೆ ಕಾಣದ್ದು ಕಾಣ್ತು. ಮಗಳ ಮದುವೆ ಮಾತುಕತೆ ಇದೆ, ಅಪ್ಪನಿಗೆ ಮೂರ್ಛೆ ಅಂತ ಗೊತ್ತಾದ್ರೆ ಗಂಡಿನ ಕಡೆಯವರು ಹಿಂದೆ ಸರೀತಾರೆ ಅನ್ನೋ ಭಯ ಇದೆ. ಹಿಂದೂ ವಿವಾಹ ಕಾಯ್ದೆಯಿಂದ ಅಪಸ್ಮಾರದ ಮಾತನ್ನ 1999ರಲ್ಲೇ ತೆಗೆದುಹಾಕಿದ್ದಾರೆ, ನಮ್ ಜನರ ಬಾಯಿಂದ ತೆಗೆಯೋಕೆ ಇನ್ನೂ ಆಗಿಲ್ಲ, ನಮ್ಮ ಮನೆಯಲ್ಲೂ ತಮ್ಮನಿಗೆ ಹೆಣ್ಣು ನೋಡುವಾಗ ಈ ವಿಷಯ ಎತ್ತಬೇಡಿ ಅಂತ ಮೂರು ಸಲ ಪಾಠ ಆಗಿತ್ತು, ಅವನೇ ಹುಡುಗಿಗೆ ಹೇಳಿಬಿಟ್ಟ, ಮದುವೆ ಆಯ್ತು.

ಕೊಲೆ ವಿಷಯಕ್ಕೆ ಬರ್ತೀನಿ, ಪೂರ್ತಿ ಹೇಳಲ್ಲ. ವಿ.ಸಿ. ನಾಲೆಯ, ಅಂದ್ರೆ ವಿಶ್ವೇಶ್ವರಯ್ಯ ನಾಲೆಯ, ಒಂದು ಕವಲು ಕಾಲುವೆಯಲ್ಲಿ ಬೆಲ್ಲದ ವ್ಯಾಪಾರಿಯ ಹೆಣ ಸಿಗುತ್ತೆ. ನಾಲೆಗೆ ನೀರನ್ನ ಕಟ್ಟು ಪದ್ಧತಿಯಲ್ಲಿ ಬಿಡ್ತಾರೆ, ಇಷ್ಟು ದಿನ ಬಿಡೋದು, ಇಷ್ಟು ದಿನ ನಿಲ್ಲಿಸೋದು. ಅದು ಗದ್ದೆ ಮಾಡೋ ಪ್ರತಿಯೊಬ್ಬರಿಗೂ ಬಾಯಿಪಾಠ. ಕಾಲುಜಾರಿ ಬಿದ್ದು ಮುಳುಗಿ ಸತ್ತ ಅಂತ ಅಸಹಜ ಸಾವಿನ ಕೇಸ್ ಹಾಕಿ ಮುಗಿಸೋಕೆ ಎಲ್ರೂ ರೆಡಿ ಇದ್ದಾರೆ, ಆದ್ರೆ ಅವನು ಕಾಣೆಯಾದ ರಾತ್ರಿ ಆ ಕವಲಲ್ಲಿ ಮೊಣಕಾಲುದ್ದ ನೀರೂ ಇರ್ಲಿಲ್ಲ. ನಾಲೆ ನೀರಲ್ಲಿ ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ ಇರುತ್ತೆ, ಜೀವ ಇದ್ದಾಗ ಮುಳುಗಿದ್ರೆ ಅದು ರಕ್ತದ ಜೊತೆ ಮೂಳೆಮಜ್ಜೆವರೆಗೂ ಹೋಗಬಹುದು, ಬೋರ್‌ವೆಲ್ ನೀರಲ್ಲಿ ಸಾಮಾನ್ಯವಾಗಿ ಬಹಳ ಕಮ್ಮಿ. ಆ ಪರೀಕ್ಷೆ ಒಂದರಿಂದಲೇ ತೀರ್ಮಾನ ಮಾಡೋಕಾಗಲ್ಲ, ಅದಕ್ಕೇ ನಾನೂ ಅದನ್ನ ಅನುಮಾನ ಗಟ್ಟಿ ಮಾಡೋಕೆ ಮಾತ್ರ ಬಳಸಿದೆ.

ನಿಜವಾದ ಸುಳಿವು ಹೆಣದ ಕಿವಿ ಹಿಂದೆ ಇದೆ. ಮಹಜರು ಮಾಡುವಾಗ ಜವರಯ್ಯ ಬಗ್ಗಿ ನೋಡ್ತಾನೆ, ಕಿವಿಯ ಮಡಿಕೆಯಲ್ಲಿ ಕಡಲೆಬೇಳೆ ಗಾತ್ರದಷ್ಟು ಸೀಗೆಪುಡಿ, ಎಣ್ಣೆ ಜಿಡ್ಡಿನ ಜೊತೆ ಕಲಸಿ ಅಂಟಿಕೊಂಡಿದೆ. ತಲೆಗೆ ಎಣ್ಣೆ ಹಚ್ಚಿ, ಸೀಗೆಪುಡಿ ಉಜ್ಜಿ, ಕೊನೇ ಚೊಂಬು ಹುಯ್ಯೋಕೆ ಮುಂಚೆ ಏನೋ ಆಗಿದೆ. ಬೇರೆಯವರಿಗೆ ಅದು ಮಣ್ಣು. ಹದಿನೈದು ವರ್ಷ ಹಬ್ಬದ ದಿನ ಬಚ್ಚಲಮನೆ ಬಾಗಿಲಾಚೆ ನಿಂತು ಬೇರೆಯವರ ಸ್ನಾನದ ವಾಸನೆ ಕುಡಿದವನಿಗೆ ಅದು ಮಣ್ಣಲ್ಲ. ಸತ್ತವನಿಗೂ ಬಿಸಿನೀರಿನ ಮೂರ್ಛೆ ಇತ್ತು ಅಂತ ಒಂದು ಡ್ರಾಫ್ಟಲ್ಲಿ ಬರೆದಿದ್ದೆ, ನಮ್ ಕಡೆ ಅದು ಅಸಾಧ್ಯ ಏನಲ್ಲ, ಆದ್ರೂ ಓದಿದ ಡಾಕ್ಟರ್ ‘ಕಾಯಿಲೆಯನ್ನ ಕೊಲೆ ಮಾಡೋ ಆಯುಧ ಮಾಡಬೇಡಮ್ಮ, ಈ ಕಾಯಿಲೆ ಇರೋ ಮಕ್ಕಳ ತಾಯಂದಿರು ಓದ್ತಾರೆ’ ಅಂದ್ರು. ತೆಗೆದೆ.

ಮೂರನೇ ಡ್ರಾಫ್ಟ್ ಹೋದ ನವರಾತ್ರಿಗೆ ಮುಗೀತು. ತಮ್ಮ ನೀರು ತುಂಬೋ ಹಬ್ಬದ ದಿನ ಊರಿಗೆ ಬಂದಾಗ ಓದಿ ಮುಗಿಸಿದ್ದ. ಅವ್ವ ಹಂಡೆ ತೊಳೆದು ಸುಣ್ಣ ಕೆಮ್ಮಣ್ಣು ಪಟ್ಟೆ ಬಳಿದು ಕೊರಳಿಗೆ ಹಾಗಲಬಳ್ಳಿ ಸುತ್ತುತಾ ಇದ್ರು, ನಾವಿಬ್ರೂ ಹಿತ್ತಲ ಕಟ್ಟೆ ಮೇಲೆ ಕೂತಿದ್ವಿ. ‘ಎಲ್ಲ ಸರಿ ಐತೆ, ಒಂಬತ್ತನೇ ಅಧ್ಯಾಯದಲ್ಲಿ ಒಂದು ತಪ್ಪೈತೆ’ ಅಂದ. ಜವರಯ್ಯ ಲಾಡ್ಜ್‌ನಲ್ಲಿ ಸ್ನಾನಕ್ಕೆ ಹೋಗಿ ಒಳಗಿಂದ ಚಿಲಕ ಹಾಕ್ಕೊಂಡ ಅಂತ ಬರೆದಿದ್ದೆ. ‘ಅವ್ನು ಚಿಲಕ ಹಾಕಲ್ಲ ಕಣಕ್ಕ. ತಣ್ಣೀರಾದ್ರೂ ಹಾಕಲ್ಲ. ನಾನು ಇವತ್ತಿಗೂ ಯಾರ ಮನೆಗೆ ಹೋದ್ರೂ ಹಾಕಲ್ಲ, ಬಾಗಿಲಿಗೆ ಬಕೆಟ್ ಅಡ್ಡ ಇಟ್ಕೋತೀನಿ.’

ಅವತ್ತು ಸಂಜೆನೇ ತಿದ್ದಿದೆ. ಆ ಲಾಡ್ಜ್ ಸೀನಿಗೆ ಈಗ ಒಂದು ಪ್ಲಾಸ್ಟಿಕ್ ಬಕೆಟ್ ಬಂದಿದೆ. ಹಾಗೇ ಹತ್ತೊಂಬತ್ತನೇ ಅಧ್ಯಾಯಕ್ಕೂ ಹೋದೆ, ಬೆಲ್ಲದ ವ್ಯಾಪಾರಿ ಮನೆಯ ಬಚ್ಚಲಿಗೆ ಜವರಯ್ಯ ಮೊದಲ ಸಲ ಕಾಲಿಡೋ ಕಡೆ, ಅವನು ಹಂಡೆ ಕಡೆಗೂ ಒಲೆ ಕಡೆಗೂ ಮೊದಲು ನೋಡಲ್ಲ, ತಿರುಗಿ ಬಾಗಿಲ ಹಿಂದಿನ ಚಿಲಕ ನೋಡ್ತಾನೆ. ಅದರ ಮೊಳೆಗಳು ಹೊಸವು.